ವಿಎಫ್‌ಎಕ್ಸ್ ಕಲಿಯಲು ವಿದೇಶಕ್ಕೆ: ವಿಮಾನ ಏರುವ ಮುನ್ನ ಒಂದಿಷ್ಟು ಲೆಕ್ಕಾಚಾರ

ಮುಂಬಯಿ: ಮಕ್ಕಳ ಉನ್ನತ ಶಿಕ್ಷಣವೆಂದರೆ ಡಾಕ್ಟರ್, ಇಂಜಿನಿಯರ್, ಸಿಎ ಎಂದಷ್ಟೇ ತಿಳಿದಿದ್ದ ಮುಂಬಯಿ ಕನ್ನಡಿಗರ ಮನೆಗಳಲ್ಲಿ ಈಗ ಹೊಸದೊಂದು ಹೆಸರು ಕೇಳಿಬರುತ್ತಿದೆ. ಅದುವೇ ವಿಷುವಲ್ ಇಫೆಕ್ಟ್ಸ್, ಚುಟುಕಾಗಿ ವಿಎಫ್‌ಎಕ್ಸ್. ಸಿನೆಮಾದಲ್ಲಿ ಕುಸಿಯುವ ಕಟ್ಟಡ, ಉಕ್ಕೇರುವ ಸಮುದ್ರ, ಘರ್ಜಿಸುವ ಹುಲಿ ಇವನ್ನೆಲ್ಲ ಕಂಪ್ಯೂಟರಿನಲ್ಲಿ ಸೃಷ್ಟಿಸುವ ವಿದ್ಯೆಯಿದು. ಇದರಲ್ಲಿ ಸ್ನಾತಕೋತ್ತರ ಪದವಿ ಪಡೆಯಲು ಇಂಗ್ಲೆಂಡಿಗೆ ಹೋಗುತ್ತೇನೆಂದು ಮಗನೋ ಮಗಳೋ ಹೇಳಿದಾಗ ಹೆತ್ತವರಿಗೆ ಹೆಮ್ಮೆಯ ಜೊತೆಗೆ ಆತಂಕವೂ ಆಗುವುದು ಸಹಜ. ದೊಡ್ಡ ಮೊತ್ತದ ಶಿಕ್ಷಣ ಸಾಲಕ್ಕೆ ಬ್ಯಾಂಕು ಸಾಮಾನ್ಯವಾಗಿ ಆಸ್ತಿಯ ಅಡಮಾನ ಕೇಳುತ್ತದೆ. ವರ್ಷಗಳ ದುಡಿಮೆಯಿಂದ ಕೊಂಡ ಫ್ಲ್ಯಾಟ್ ಅಥವಾ ಊರಿನ ಜಾಗ ಪಣಕ್ಕೆ ಬೀಳುವ ನಿರ್ಧಾರವಿದು.

ಕಡಲ ತಡಿಯ ಕಲಿಕಾ ಕೇಂದ್ರ

ಈ ವಿದ್ಯೆಗೆ ಇಂಗ್ಲೆಂಡಿನಲ್ಲಿ ಹೆಸರಾದ ತಾಣಗಳಲ್ಲಿ ದಕ್ಷಿಣ ಕರಾವಳಿಯ ಬೋರ್ನ್‌ಮತ್ ವಿಶ್ವವಿದ್ಯಾಲಯ ಒಂದು. ಲಂಡನ್‌ನಿಂದ ರೈಲಿನಲ್ಲಿ ಸುಮಾರು ಎರಡು ತಾಸಿನ ಹಾದಿ. ಅಲ್ಲಿನ ರಾಷ್ಟ್ರೀಯ ಕಂಪ್ಯೂಟರ್ ಅನಿಮೇಷನ್ ಕೇಂದ್ರ 1989ರಲ್ಲಿ ಆರಂಭವಾಯಿತು. ‘ಇನ್ಸೆಪ್ಶನ್’ ಚಿತ್ರದ ದೃಶ್ಯ ಪರಿಣಾಮಗಳಿಗಾಗಿ 2011ರಲ್ಲಿ ಆಸ್ಕರ್ ಪಡೆದವರಲ್ಲಿ ಒಬ್ಬರಾದ ಆಂಡ್ರೂ ಲಾಕ್ಲಿ ಇಲ್ಲಿಯೇ ಕಲಿತವರು.

ಇಂಗ್ಲೆಂಡಿನಲ್ಲಿ ಸ್ನಾತಕೋತ್ತರ ಪದವಿ ಸಾಮಾನ್ಯವಾಗಿ ಒಂದೇ ವರ್ಷದ್ದು. ಇದೇ ಅನುಕೂಲ, ಇದೇ ಕಷ್ಟವೂ ಹೌದು. ಮಾಯಾ, ಹೂಡಿನಿ, ನ್ಯೂಕ್ ಮೊದಲಾದ ಸಾಫ್ಟ್‌ವೇರ್‌ಗಳನ್ನು ಅ ಆ ಇ ಈಯಿಂದ ಕಲಿಯಲು ಹೋದವರಿಗೆ ವರ್ಷ ಮುಗಿದದ್ದೇ ತಿಳಿಯುವುದಿಲ್ಲ. ಸ್ಟುಡಿಯೋಗಳು ಕೆಲಸ ಕೊಡುವಾಗ ಪದವಿ ಪತ್ರಕ್ಕಿಂತ ಹೆಚ್ಚಾಗಿ ನೋಡುವುದು ಶೋರೀಲನ್ನು. ಅಂದರೆ ವಿದ್ಯಾರ್ಥಿ ತಾನೇ ಮಾಡಿದ ಕೆಲಸವನ್ನು ಒಂದೆರಡು ನಿಮಿಷಗಳಲ್ಲಿ ತೋರಿಸುವ ವೀಡಿಯೊ. ಅದರಲ್ಲಿ ಯಾವುದು ತನ್ನ ಕೈಕೆಲಸ, ಯಾವುದು ಸಹಪಾಠಿಯದು ಎಂಬುದು ಸ್ಪಷ್ಟವಾಗಿರಬೇಕು.

ವೀಸಾದ ಗಡಿಯಾರ

ಶುಲ್ಕದ ಜೊತೆಗೆ ಜೀವನ ವೆಚ್ಚದ ಹಣವೂ ಕೈಯಲ್ಲಿದೆಯೆಂದು ವೀಸಾ ಅರ್ಜಿಯಲ್ಲಿ ತೋರಿಸಬೇಕು. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ನಿಯಮದಂತೆ ಲಂಡನ್ ಹೊರಗೆ ಕಲಿಯುವವರಿಗೆ ಇದು ತಿಂಗಳಿಗೆ 1,171 ಪೌಂಡ್, ಲಂಡನ್‌ನಲ್ಲಿ 1,529 ಪೌಂಡ್. ಒಂಬತ್ತು ತಿಂಗಳ ಲೆಕ್ಕ ಹಿಡಿದರೆ ಬೋರ್ನ್‌ಮತ್‌ನಂಥ ಊರಿಗೇ 10,539 ಪೌಂಡ್, ಅಂದರೆ 12 ಲಕ್ಷ ರೂಪಾಯಿಗೂ ಹೆಚ್ಚು. ಈ ಹಣ ಖಾತೆಯಲ್ಲಿ ಸತತ 28 ದಿನ ಇರಬೇಕು.

ಕಲಿಕೆಯ ಅವಧಿಯಲ್ಲಿ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ಸ್ವಂತ ಉದ್ಯೋಗಕ್ಕೆ ಅನುಮತಿಯಿಲ್ಲ. ಈ ಕ್ಷೇತ್ರದಲ್ಲಿ ಫ್ರೀಲಾನ್ಸ್ ಕೆಲಸ ಮಾಮೂಲಾದ ಕಾರಣ, ರಾತ್ರಿ ಕೋಣೆಯಲ್ಲಿ ಕುಳಿತು ಯಾರಿಗೋ ನಾಲ್ಕು ಶಾಟ್ ಮಾಡಿಕೊಟ್ಟು ಹಣ ಪಡೆಯುವ ಆಸೆ ಹುಟ್ಟುತ್ತದೆ. ಅದು ವೀಸಾ ನಿಯಮದ ಉಲ್ಲಂಘನೆಯೆಂಬುದನ್ನು ಮರೆಯಬಾರದು.

ಪದವಿಯ ನಂತರ ಅಲ್ಲೇ ನಿಂತು ಉದ್ಯೋಗ ಹುಡುಕಲು ಗ್ರಾಜುಯೇಟ್ ವೀಸಾ ಇದೆ. 2021ರಲ್ಲಿ ಜಾರಿಗೆ ಬಂದಾಗ ಇದರ ಅವಧಿ ಎರಡು ವರ್ಷ. 2027ರ ಜನವರಿ 1ರಿಂದ ಅರ್ಜಿ ಹಾಕುವ ಸ್ನಾತಕೋತ್ತರ ಪದವೀಧರರಿಗೆ ಅದು 18 ತಿಂಗಳು. ಆಮೇಲೂ ಉಳಿಯಬೇಕಾದರೆ ಕಂಪೆನಿಯೇ ಪ್ರಾಯೋಜಕನಾಗಬೇಕು. 2025ರ ಜುಲೈಯಲ್ಲಿ ಅದಕ್ಕಿರುವ ಸಾಮಾನ್ಯ ವೇತನ ಮಿತಿಯನ್ನು ವರ್ಷಕ್ಕೆ 41,700 ಪೌಂಡಿಗೂ, ಹೊಸಬರ ಮಿತಿಯನ್ನು 33,400 ಪೌಂಡಿಗೂ ಏರಿಸಲಾಯಿತು. ಲಂಡನ್ ಸ್ಟುಡಿಯೋಗಳಲ್ಲಿ ‘ರನ್ನರ್’ ಆಗಿ ಚಹಾ ಕೊಡುವುದರಿಂದ ತೊಡಗಿ ಮೇಲೇರುವ ಸಂಪ್ರದಾಯವಿದೆ. ಆ ಸಂಬಳದಲ್ಲಿ ಈ ಮಿತಿ ಮುಟ್ಟುವುದು ಕಷ್ಟ.

ಏರಿಳಿತದ ಉದ್ಯಮ

ಉದ್ಯಮದ ಸ್ಥಿತಿಯನ್ನೂ ಅರಿತಿರಬೇಕು. 2013ರಲ್ಲಿ ‘ಲೈಫ್ ಆಫ್ ಪೈ’ ಚಿತ್ರಕ್ಕೆ ಆಸ್ಕರ್ ಬಂದ ತಿಂಗಳಲ್ಲೇ ಅದರ ಹುಲಿಯನ್ನು ಸೃಷ್ಟಿಸಿದ ರಿದಮ್ ಆ್ಯಂಡ್ ಹ್ಯೂಸ್ ದಿವಾಳಿ ಅರ್ಜಿ ಸಲ್ಲಿಸಿತ್ತು. 2023ರಲ್ಲಿ ಹಾಲಿವುಡ್‌ನ ಲೇಖಕರು ಮತ್ತು ನಟರು ಹೂಡಿದ ಮುಷ್ಕರದಿಂದ ಚಿತ್ರೀಕರಣ ನಿಂತು, ಅದರ ಬಿಸಿ ವಿಎಫ್‌ಎಕ್ಸ್ ಕಲಾವಿದರಿಗೂ ತಟ್ಟಿತು. 2025ರ ಫೆಬ್ರವರಿಯಲ್ಲಿ ಎಂಪಿಸಿ, ದಿ ಮಿಲ್ ಸಂಸ್ಥೆಗಳ ಒಡೆತನ ಹೊಂದಿದ್ದ ಟೆಕ್ನಿಕಲರ್ ಸಮೂಹ ಕುಸಿದಾಗ ಲಂಡನ್ ಮಾತ್ರವಲ್ಲ, ಬೆಂಗಳೂರಿನಲ್ಲೂ ಸಾವಿರಾರು ಮಂದಿ ಕೆಲಸ ಕಳೆದುಕೊಂಡರು.

ಹಾಗೆಂದು ಎಲ್ಲವೂ ಮುಗಿಯಿತೆಂದಲ್ಲ. 1998ರಲ್ಲಿ ಲಂಡನ್‌ನಲ್ಲಿ ಹುಟ್ಟಿದ ಡಬಲ್ ನೆಗೆಟಿವ್ ಸಂಸ್ಥೆ 2014ರಲ್ಲಿ ಮುಂಬಯಿಯ ಪ್ರೈಮ್ ಫೋಕಸ್ ಜೊತೆ ಸೇರಿತು. ಈಗ ಡಿನೆಗ್ ಎಂದೇ ಕರೆಯಲಾಗುವ ಈ ಸಂಸ್ಥೆ ‘ಡ್ಯೂನ್’ ಚಿತ್ರದ ಎರಡೂ ಭಾಗಗಳಿಗೆ ಆಸ್ಕರ್ ಗೆದ್ದಿದೆ. ವಿದೇಶಿ ಚಿತ್ರಗಳ ಕೆಲಸ ಮುಂಬಯಿಯಲ್ಲೂ ನಡೆಯುತ್ತದೆ. ಪವಾಯಿಯ ಐಐಟಿಯಲ್ಲಿ ಅನಿಮೇಷನ್ ಸ್ನಾತಕೋತ್ತರ ಶಿಕ್ಷಣವೂ ಲಭ್ಯ.

ಮೊದಲು ಇಲ್ಲಿ, ಆಮೇಲೆ ಅಲ್ಲಿ

ಹಾಗಾಗಿ ಪದವಿ ಮುಗಿಸಿದ ಕೂಡಲೇ ವಿಮಾನ ಏರುವ ಬದಲು, ಇಲ್ಲಿನ ಸ್ಟುಡಿಯೋದಲ್ಲಿ ಒಂದೆರಡು ವರ್ಷ ದುಡಿಯುವುದು ಜಾಣತನ. ಆಗ ಈ ಕೆಲಸದಲ್ಲಿ ತನಗೆ ನಿಜಕ್ಕೂ ಒಲವಿದೆಯೇ, ಯಾವ ವಿಭಾಗ ಕೈಗೆ ಹತ್ತುತ್ತದೆ ಎಂಬುದು ತಿಳಿಯುತ್ತದೆ. ಪ್ರವೇಶಕ್ಕೆ ಬೇಕಾದ ಪೋರ್ಟ್‌ಫೋಲಿಯೋ ಸಿದ್ಧವಾಗುತ್ತದೆ, ಸಾಲದ ಹೊರೆಯೂ ತುಸು ಇಳಿಯುತ್ತದೆ. ಕಲಿಕೆಗೆ ಹಣವೇ ಬೇಕೆಂದಿಲ್ಲ. ಬ್ಲೆಂಡರ್ ಸಂಪೂರ್ಣ ಉಚಿತ. ಹೂಡಿನಿ, ನ್ಯೂಕ್‌ಗಳಿಗೂ ಅಭ್ಯಾಸಕ್ಕಾಗಿ ಉಚಿತ ಆವೃತ್ತಿಗಳಿವೆ.

ಸಮಾಜದ ಸಂಘ ಸಂಸ್ಥೆಗಳು ವರ್ಷಂಪ್ರತಿ ವಿದ್ಯಾರ್ಥಿ ವೇತನ ವಿತರಿಸುವಾಗ ಇಂಥ ಹೊಸ ವಿದ್ಯೆಗಳನ್ನೂ ಗಮನಕ್ಕೆ ತೆಗೆದುಕೊಂಡರೆ, ಈ ಕ್ಷೇತ್ರದಲ್ಲಿ ದುಡಿಯುತ್ತಿರುವ ನಮ್ಮವರನ್ನೇ ಕರೆದು ಮಕ್ಕಳಿಗೆ ಮಾರ್ಗದರ್ಶನ ಕೊಡಿಸಿದರೆ ದೊಡ್ಡ ಉಪಕಾರವಾದೀತು. ಮಕ್ಕಳ ಕನಸಿಗೆ ಅಡ್ಡ ಬರುವುದು ಬೇಡ. ಆದರೆ ಮನೆಯ ಪತ್ರ ಬ್ಯಾಂಕಿಗೆ ಹೋಗುವ ಮುನ್ನ ಹೆತ್ತವರು ಮಕ್ಕಳ ಬಳಿ ಕೇಳಬೇಕಾದ ಪ್ರಶ್ನೆ ಒಂದಿದೆ: ಹದಿನೆಂಟು ತಿಂಗಳಲ್ಲಿ ಅಲ್ಲಿ ಕೆಲಸ ಸಿಗದಿದ್ದರೆ ಸಾಲದ ಕಂತು ತುಂಬುವ ದಾರಿ ಯಾವುದು? ಇದಕ್ಕೆ ಉತ್ತರ ಸಿದ್ಧವಿದ್ದವರು ಧೈರ್ಯವಾಗಿ ಹೊರಡಬಹುದು.