ಮಳೆಗೆ ಟಿವಿ ಹೋಯ್ತಾ? ಬಾಕ್ಸ್ ಬದಲಿಸುವ ಮೊದಲು ಡಿಶ್ ಕಡೆ ನೋಡಿ

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರರೂಪ)

ಇವತ್ತಿನ ವಿಷಯ ಕೇಳಿ ಕೆಲವರು ನಗಬಹುದು. ಫೋನಲ್ಲೇ ಎಲ್ಲ ನೋಡುವವರಿಗೆ ಟಿವಿ ರಿಪೇರಿ ಯಾಕೆ ಅಂತ. ಆದ್ರೆ ನೀವು ಬೆಂಗಳೂರಲ್ಲೋ ಮಂಗಳೂರಲ್ಲೋ ಇದ್ದು, ಅಜ್ಜ-ಅಜ್ಜಿ ಸುಳ್ಯ, ಕಡಬ ಕಡೆ ತೋಟದ ಮನೆಯಲ್ಲಿ ಇದ್ದಾರೆ ಅಂದ್ರೆ, ಜೂನ್ ತಿಂಗಳಲ್ಲಿ ಈ ಫೋನ್ ಬಂದೇ ಬರುತ್ತದೆ: "ಟಿವಿಯಲ್ಲಿ ನೋ ಸಿಗ್ನಲ್ ಅಂತ ಬರ್ತಾ ಉಂಟು ಮಗಾ, ಬಾಕ್ಸ್ ಹೋಯ್ತು ಕಾಣ್ತದೆ." ಘಟ್ಟದ ಬುಡದ ಊರುಗಳಲ್ಲಿ ಕರೆಂಟ್ ಹೋಗಿ ಸ್ವಲ್ಪ ಹೊತ್ತಿಗೆ ಮೊಬೈಲ್ ಟವರೂ ಮಲಗುತ್ತದೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಕಡೆ ಗುಡ್ಡ ಕುಸಿದು ಸಂಪಾಜೆ ರಸ್ತೆ ಬಂದ್ ಆದದ್ದು ನೆನಪುಂಟಲ್ಲ? ಅಂಥ ದಿನ ಇನ್ವರ್ಟರ್ ಮೇಲೆ ಓಡುವ ಒಂದು ಟಿವಿ, ಮನೆಯಲ್ಲಿರುವ ವಯಸ್ಸಾದವರಿಗೆ ದೊಡ್ಡ ಆಸರೆ.

ಮೊದಲು ಒಂದು ಗೊಂದಲ ತೆಗೆಯೋಣ. ಹಳೇ ಮನೆಗಳ ಮಾಡಿನ ಮೇಲೆ ಮೀನಿನ ಮುಳ್ಳಿನ ಹಾಗಿರುವ ಆಂಟೆನಾ ಈಗಲೂ ನಿಂತಿರುತ್ತದೆ. ಆನ್‌ಲೈನಲ್ಲಿ "ಡಿಜಿಟಲ್ ಆಂಟೆನಾ" ಅಂತ ಮಾರುವುದನ್ನು ನೋಡಿ, ಅದನ್ನು ತಂದ್ರೆ ಆಯ್ತಲ್ಲ ಅಂತ ಕೇಳುವವರಿದ್ದಾರೆ. ಬೇಡ. ದೂರದರ್ಶನ 2016ರಲ್ಲಿ ನೆಲದ ಟವರಿಂದ ಡಿಜಿಟಲ್ ಪ್ರಸಾರ ಶುರು ಮಾಡಿದಾಗ ಆಯ್ದುಕೊಂಡದ್ದು 16 ನಗರ. ಕರ್ನಾಟಕದಿಂದ ಬೆಂಗಳೂರು ಒಂದೇ. ಅಲ್ಲಿಂದ ಪುತ್ತೂರಿಗೆ ನೇರ ಗೆರೆ ಎಳೆದರೂ ಸುಮಾರು 250 ಕಿಲೋಮೀಟರ್, ನಡುವೆ ಪಶ್ಚಿಮ ಘಟ್ಟ. ಹಳೇ ಅನಲಾಗ್ ಟವರುಗಳನ್ನು ಪ್ರಸಾರ ಭಾರತಿ 2022ರ ಮಾರ್ಚ್ ಗಡುವು ಇಟ್ಟುಕೊಂಡು, ಗಡಿಭಾಗದಂಥ ಸುಮಾರು 50 ಕಡೆ ಬಿಟ್ಟು, ಮುಚ್ಚುತ್ತಾ ಬಂತು. ಹಾಗಾಗಿ ನಮ್ಮ ಮೂರೂ ತಾಲೂಕಿಗೆ ತಿಂಗಳ ದುಡ್ಡಿಲ್ಲದೆ ಟಿವಿ ಬೇಕು ಅಂದ್ರೆ ಉಳಿದದ್ದು 2004ರಲ್ಲಿ ಶುರುವಾದ, ಈಗ ಡಿಡಿ ಫ್ರೀ ಡಿಶ್ ಅಂತ ಕರೆಯುವ ಉಪಗ್ರಹದ ಸೇವೆ. ಇವತ್ತು ಮಾತಾಡುವುದು ಅದರ ಬಗ್ಗೆಯೇ.

ಹಿಂದೆ ಸಿಗ್ನಲ್ ಕಮ್ಮಿ ಆದ್ರೆ ಚಿತ್ರದಲ್ಲಿ ಚುಕ್ಕಿ ಚುಕ್ಕಿ ಬರ್ತಿತ್ತು, ಸ್ವರ ಆದ್ರೂ ಕೇಳ್ತಿತ್ತು. ಡಿಜಿಟಲ್‌ನಲ್ಲಿ ಹಾಗಿಲ್ಲ. ಸಾಕಷ್ಟು ಸಿಗ್ನಲ್ ಇರುವ ತನಕ ಚಿತ್ರ ಕನ್ನಡಿ ಹಾಗೆ ಇರುತ್ತದೆ, ಅದಕ್ಕಿಂತ ಸ್ವಲ್ಪ ಕೆಳಗಿಳಿದರೆ ಚೌಕ ಚೌಕ ಒಡೆದು ಪೂರ್ತಿ ಹೋಗುತ್ತದೆ. ಅದಕ್ಕೇ "ನಿನ್ನೆ ತನಕ ಚೆನ್ನಾಗಿತ್ತು, ಇವತ್ತು ಸತ್ತೇ ಹೋಯ್ತು" ಅಂತ ಅನಿಸುವುದು. ನಿಜವಾಗಿ ಡಿಶ್ ಬೇಸಗೆಯಿಂದಲೇ ಸ್ವಲ್ಪ ಸ್ವಲ್ಪ ವಾಲುತ್ತಾ ಬಂದಿರಬಹುದು. ಈ ತರಂಗದ ಉದ್ದ ಎರಡೂವರೆ ಸೆಂಟಿಮೀಟರ್ ಆಸುಪಾಸು, ದಪ್ಪ ಮಳೆಹನಿ ಅದನ್ನು ಹೀರಿ ಚದುರಿಸುತ್ತದೆ. ಬಿಸಿಲಲ್ಲಿ ಹೇಗೋ ಸಾಲುತ್ತಿದ್ದ ಸಿಗ್ನಲ್ ಮೊದಲ ಮಳೆಗೆ ಸಾಲುವುದಿಲ್ಲ.

ಈಗ ಅಜ್ಜನಿಗೆ ಫೋನ್ ಮಾಡಿ. ಜೋರು ಮಳೆ ಬಂದಾಗ ಮಾತ್ರ ಹೋಗಿ, ಮಳೆ ಬಿಟ್ಟ ಮೇಲೆ ತಾನಾಗಿ ಬರುತ್ತದಾ ಕೇಳಿ. ಅಪರೂಪಕ್ಕೆ ಹಾಗಾದ್ರೆ ಸಹಜ. ಸಣ್ಣ ಮಳೆಗೂ ಹೋಗುತ್ತದೆ ಅಂದ್ರೆ ಡಿಶ್ ಸರಿ ದಿಕ್ಕಿಗಿಲ್ಲ. ಎಲ್ಲ ಚಾನೆಲ್ ಇದ್ದು ಒಂದೆರಡು ಮಾತ್ರ ಇಲ್ಲವಾದರೆ ಡಿಶ್ಶಿನ ತಪ್ಪಲ್ಲ: ಫ್ರೀ ಡಿಶ್‌ನಲ್ಲಿ ಚಾನೆಲ್‌ಗಳ ಜಾಗ ಹರಾಜಾಗುತ್ತದೆ, ಬದಲಾಗುತ್ತಾ ಇರುತ್ತದೆ. ಮತ್ತೆ ಸ್ಕ್ಯಾನ್ ಮಾಡಿಸಿ. ಹಳೇ ಎಂಪೆಗ್-2 ಬಾಕ್ಸ್ ಆದ್ರೆ ಎಂಪೆಗ್-4ರ ಚಾನೆಲ್ ಅದರಲ್ಲಿ ಎಷ್ಟು ಸ್ಕ್ಯಾನ್ ಮಾಡಿದ್ರೂ ಬಾರದು. ಬಾಕ್ಸ್ ಬದಲಿಸಲು ಇದು ಸರಿಯಾದ ಕಾರಣ.

ಇನ್ನು ಮೆನುವಿನಲ್ಲಿ ಎರಡು ಪಟ್ಟಿ ಕಾಣುತ್ತದೆ, ಸ್ಟ್ರೆಂತ್ ಮತ್ತು ಕ್ವಾಲಿಟಿ. ಜನ ಮೋಸ ಹೋಗುವುದು ಇಲ್ಲಿ. ಡಿಶ್ ಖಾಲಿ ಆಕಾಶ ನೋಡುತ್ತಿದ್ದರೂ ಸ್ಟ್ರೆಂತ್ ತಕ್ಕಮಟ್ಟಿಗೆ ತೋರಿಸುತ್ತದೆ, ಡಿಶ್ಶಿನ ಮುಂದಿರುವ ಎಲ್‌ಎನ್‌ಬಿಯ ಸ್ವಂತ ಗದ್ದಲವೇ ಅದರಲ್ಲಿ ಸೇರಿರುತ್ತದೆ. ನೋಡಬೇಕಾದದ್ದು ಕ್ವಾಲಿಟಿ. ಸ್ಟ್ರೆಂತ್ ಇದ್ದು ಕ್ವಾಲಿಟಿ ಸೊನ್ನೆ ಅಂದ್ರೆ ದಿಕ್ಕು ತಪ್ಪಿದೆ ಅಥವಾ ಏನೋ ಅಡ್ಡ ಇದೆ. ಎರಡೂ ಸೊನ್ನೆಯಾದರೆ ಕೇಬಲ್, ಪಿನ್ ಅಥವಾ ಎಲ್‌ಎನ್‌ಬಿ ಕಡೆ ಅನುಮಾನ.

ದಿಕ್ಕಿನ ಲೆಕ್ಕ ನಿಮ್ಮ ಫೋನಲ್ಲೇ ಆಗುತ್ತದೆ. ಫ್ರೀ ಡಿಶ್ ಬರುವ ಜಿಸ್ಯಾಟ್-15 ಇರುವುದು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಪುತ್ತೂರು, ಸುಳ್ಯ, ಕಡಬ ಮೂರಕ್ಕೂ ಅದು ಕಂಪಾಸ್‌ನ ಸುಮಾರು 124 ಡಿಗ್ರಿಗೆ, ಅಂದ್ರೆ ಆಗ್ನೇಯಕ್ಕೆ, ನೆಲದಿಂದ ಸುಮಾರು 64 ಡಿಗ್ರಿ ಎತ್ತರಕ್ಕೆ ಬರುತ್ತದೆ. ಕಬ್ಬಿಣದ ಕಂಬದಿಂದ ಸ್ವಲ್ಪ ದೂರ ನಿಂತು ಕಂಪಾಸ್ ನೋಡಿ. ಪಕ್ಕದ ಮನೆಯ ಡಿಶ್ ನೋಡಿ ತಿರುಗಿಸಬೇಡಿ, ಅವರದ್ದು ಬೇರೆ ಕಂಪೆನಿಯಾದ್ರೆ ಬೇರೆ ಉಪಗ್ರಹ ಇರಬಹುದು.

64 ಡಿಗ್ರಿ ಅಂದ್ರೆ ತುಂಬಾ ಮೇಲೆ. ಗುಡ್ಡ ಅಡ್ಡ ಬರುವುದು ಕಮ್ಮಿ, ಅಡ್ಡ ಬರುವುದು ಅಡಿಕೆ ಮರ. ಸುಲಭ ಲೆಕ್ಕ: ಮರ ಡಿಶ್ಶಿಗಿಂತ ಎಷ್ಟು ಎತ್ತರ ಇದೆಯೋ ಅದರ ಅರ್ಧ ದೂರದೊಳಗೆ, ಆಗ್ನೇಯ ದಿಕ್ಕಿನಲ್ಲಿ ಇದ್ದರೆ ತೊಂದರೆ. 40 ಅಡಿ ಮೇಲೆ ಹೋದ ಮರ 20 ಅಡಿಯೊಳಗೆ ಇರಬಾರದು. ಡಿಶ್ ಕೂರಿಸಿದಾಗ ಮೊಣಕಾಲೆತ್ತರ ಇದ್ದ ಸಸಿ ಈಗ ಸೋಗೆ ಬಿಚ್ಚಿ ನಿಂತಿರುತ್ತದೆ, ಒದ್ದೆ ಸೋಗೆ ಇನ್ನೂ ಕಷ್ಟ. ಮತ್ತೊಂದು, ಈ ಸಣ್ಣ ಡಿಶ್‌ಗಳು ಮುಖ ಮಾಡಿದ್ದಕ್ಕಿಂತ ಇಪ್ಪತ್ತಕ್ಕೂ ಹೆಚ್ಚು ಡಿಗ್ರಿ ಮೇಲೆ ನೋಡುತ್ತವೆ. ಹಾಗಾಗಿ ತಟ್ಟೆಯ ಎದುರು ಖಾಲಿ ಕಂಡರೆ ಸಾಲದು, ಇನ್ನೂ ಮೇಲೆ ನೋಡಬೇಕು. ಮರ ಕಡಿಯುವ ಮಾತು ಯಾಕೆ ಮಾರಾಯ್ರೆ, ಡಿಶ್ಶನ್ನೇ ಅಂಗಳದ ಇನ್ನೊಂದು ಮೂಲೆಗೆ ತನ್ನಿ.

ಕೇಬಲ್ ವಿಷಯ. ಬಾಕ್ಸಿನ ಸ್ವಿಚ್ ಆಫ್ ಮಾಡಿ ಎಲ್‌ಎನ್‌ಬಿ ಹತ್ತಿರದ ಪಿನ್ ಬಿಚ್ಚಿ. ಒಳಗಿನ ತಾಮ್ರದ ತಂತಿ ಕಪ್ಪೋ ಹಸಿರೋ ಆಗಿದ್ದರೆ ನೀರು ಹೋಗಿದೆ. ಹಾಳಾದಷ್ಟು ಕತ್ತರಿಸಿ ಹೊಸ ಪಿನ್ ಹಾಕಿ, ಟೇಪ್ ಸುತ್ತಿ. ಕೇಬಲ್ ಪಿನ್ನಿನಿಂದ ಒಮ್ಮೆ ಕೆಳಗೆ ಇಳಿದು ಮತ್ತೆ ಮೇಲೆ ಹೋಗುವ ಹಾಗೆ ಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಎಲ್‌ಎನ್‌ಬಿ ಹೊಸತು ಹಾಕಿದರೆ ಅದನ್ನು ಹಿಡಿಕೆಯೊಳಗೆ ನಿಧಾನಕ್ಕೆ ತಿರುಗಿಸಿ ಕ್ವಾಲಿಟಿ ಹೆಚ್ಚು ಬರುವಲ್ಲಿ ಬಿಗಿಯಬೇಕು. ನಮ್ಮ ಕಡೆ ಅದು ನೆಟ್ಟಗೆ ನಿಲ್ಲುವುದಿಲ್ಲ, ಸಾಕಷ್ಟು ಓರೆಯಾಗಿಯೇ ಇರುತ್ತದೆ.

ಇದೆಲ್ಲ ಮಳೆ ಬಿಟ್ಟು ಮಾಡು ಒಣಗಿದ ಮೇಲೆ. ಪಾಚಿ ಹಿಡಿದ ಹಂಚಿನ ಮೇಲೆ ಅಜ್ಜನನ್ನು ಹತ್ತಿಸಬೇಡಿ. ಫೋನಲ್ಲಿ ಮೆನು ಓದಿಸುವುದು ಅವರಿಂದ, ಡಿಶ್ ಮುಟ್ಟುವುದು ನೀವು ಊರಿಗೆ ಹೋದಾಗ ಅಥವಾ ಮೆಕ್ಯಾನಿಕ್ ಬಂದಾಗ. ಮೆಕ್ಯಾನಿಕ್ ಬಂದು "ಬಾಕ್ಸ್ ಬದಲಿಸಿ" ಅಂದ್ರೆ, ಮೊದಲು ಅದೇ ಬಾಕ್ಸನ್ನು ಚೆನ್ನಾಗಿ ಬರುತ್ತಿರುವ ಇನ್ನೊಂದು ಫ್ರೀ ಡಿಶ್ ಮನೆಯಲ್ಲಿ ಹಾಕಿ ನೋಡಿ. ಅಲ್ಲಿ ಬಂದರೆ ಬಾಕ್ಸ್ ಸರಿ ಇದೆ.

ಸಿಡಿಲಿಗೆ ಸುಟ್ಟ ಬಾಕ್ಸ್‌ಗೆ ಮಾತ್ರ ಇದ್ಯಾವುದೂ ನಾಟುವುದಿಲ್ಲ. ಏಪ್ರಿಲ್-ಮೇ ಮತ್ತು ಅಕ್ಟೋಬರ್ ಸಂಜೆಗಳಲ್ಲಿ ಮೋಡ ಕಪ್ಪಾಗುವ ಮೊದಲೇ ಪ್ಲಗ್ ಜತೆ ಡಿಶ್ ಕೇಬಲನ್ನೂ ಬಾಕ್ಸಿನಿಂದ ಬಿಚ್ಚಿಡಲು ಹೇಳಿ. ಗುಡುಗು ಶುರುವಾಗಿದ್ದರೆ ಅದನ್ನು ಮುಟ್ಟುವುದೇ ಬೇಡ.