ಬ್ರೆಡ್ ಕಟಿಂಗ್ ಮೆಶಿನ್: ಎಣ್ಣೆ ಎಲ್ಲಿ, ಯಾವುದು, ಎಷ್ಟು?



ಗ್ರೈಂಡರ್ ನಿಂತರೆ ನಮಗೆ ಕೂಡಲೇ ಗೊತ್ತಾಗುತ್ತದೆ, ಮರುದಿನ ಇಡ್ಲಿ ಇಲ್ಲ. ಫ್ರಿಜ್ ಕೆಟ್ಟರೂ ಗೊತ್ತಾಗುತ್ತದೆ. ಆದರೆ ಮೂಲೆಯಲ್ಲಿರುವ ಬ್ರೆಡ್ ಕಟಿಂಗ್ ಮೆಶಿನ್ ಕೆಡುತ್ತಾ ಬಂದರೆ ಯಾರ ಗಮನಕ್ಕೂ ಬರುವುದಿಲ್ಲ. ಅದು ಒಮ್ಮೆಗೇ ನಿಲ್ಲುವ ಯಂತ್ರ ಅಲ್ಲ. ಸ್ವಲ್ಪ ಸ್ವಲ್ಪವಾಗಿ ಬಿಗಿಯಾಗುತ್ತದೆ, ಸದ್ದು ಜಾಸ್ತಿಯಾಗುತ್ತದೆ, ಬ್ರೆಡ್ ನಿಧಾನಕ್ಕೆ ಹೋಗುತ್ತದೆ. ಗಿರಾಕಿ ಕಾಯುತ್ತಿರುವಾಗ ಹುಡುಗರು ಕೈಯಿಂದ ದೂಡಲು ಶುರು ಮಾಡುತ್ತಾರೆ. ಅಪಾಯ ಇರುವುದು ಅಲ್ಲಿ.

ನಮಗೆ ಪರಿಚಯದ ಒಬ್ಬರ ಹೋಟೆಲಿನಲ್ಲಿ ಹೀಗೇ ಆಯಿತು. ಹುಡುಗನ ಎಡಗೈಯ ಎರಡು ಬೆರಳಿನ ತುದಿ ಹೋಯಿತು. ಆಸ್ಪತ್ರೆ ಖರ್ಚನ್ನು ಧಣಿಗಳೇ ಕೊಟ್ಟರು, ಊರಿಗೂ ಹಣ ಕಳುಹಿಸಿದರು. ಬೆರಳು ಮಾತ್ರ ವಾಪಸ್ ಬರಲಿಲ್ಲ. ಆಮೇಲೆ ಯಂತ್ರ ಬಿಚ್ಚಿ ನೋಡಿದರೆ, ಬ್ಲೇಡ್ ಇರುವ ಚೌಕಟ್ಟು ಜಾರುವ ಜಾಗದಲ್ಲಿ ಎಣ್ಣೆಯೇ ಇರಲಿಲ್ಲ. ಬ್ರೆಡ್ ಪುಡಿ ಗಟ್ಟಿಯಾಗಿ ಕೂತಿತ್ತು. ಹಾಗಾಗಿ ಈ ಸಲ ಈ ವಿಷಯವನ್ನೇ ಬರೆಯುತ್ತಿದ್ದೇವೆ.

ಯಂತ್ರದ ಒಳಗೆ ಏನಿದೆ?

ಈ ಯಂತ್ರ ಬಂದು ನೂರು ವರ್ಷ ಆಗುತ್ತಾ ಬಂತು. ಅಮೆರಿಕದ ಆಟೋ ರೋವೆಡರ್ ಎಂಬವರು ಮಾಡಿದ ಯಂತ್ರದಲ್ಲಿ ಕತ್ತರಿಸಿದ ಬ್ರೆಡ್ 1928ರ ಜುಲೈ 7ರಂದು ಮಿಸ್ಸೂರಿ ರಾಜ್ಯದ ಚಿಲಿಕೋಥೆ ಎಂಬ ಊರಿನಲ್ಲಿ ಮೊದಲು ಮಾರಾಟಕ್ಕೆ ಬಂತು. ಇಂದು ನಮ್ಮ ಹೋಟೆಲುಗಳಲ್ಲಿ ಹೆಚ್ಚಾಗಿ ಇರುವುದು ಚೌಕಟ್ಟಿನ ಯಂತ್ರ. ಎರಡು ಚೌಕಟ್ಟು, ಅರ್ಧ ಬ್ಲೇಡು ಒಂದರಲ್ಲಿ, ಉಳಿದರ್ಧ ಇನ್ನೊಂದರಲ್ಲಿ. ಒಂದು ಮೇಲೆ ಹೋದಾಗ ಇನ್ನೊಂದು ಕೆಳಗೆ ಬರುತ್ತದೆ. ಮೋಟರಿನಿಂದ ಬೆಲ್ಟು, ಬೆಲ್ಟಿನಿಂದ ಶಾಫ್ಟು, ಶಾಫ್ಟಿನಿಂದ ಎರಡು ರಾಡು, ರಾಡಿನಿಂದ ಚೌಕಟ್ಟು. ಇಷ್ಟೇ.

ಎಣ್ಣೆ ಅಥವಾ ಗ್ರೀಸ್ ಬೇಕಾದದ್ದು ಮೂರು ಕಡೆ: ಶಾಫ್ಟಿನ ಬೇರಿಂಗ್, ರಾಡಿನ ಎರಡು ತುದಿ, ಚೌಕಟ್ಟು ಜಾರುವ ಜಾಗ. ಬೆಲ್ಟಿಗೆ ಎಣ್ಣೆ ತಾಗಲೇಬಾರದು, ತಾಗಿದರೆ ಜಾರುತ್ತದೆ, ರಬ್ಬರೂ ಕೆಡುತ್ತದೆ. ಬ್ಲೇಡಿಗೆ, ಬ್ರೆಡ್ ಇಡುವ ಟ್ರೇಗೆ ಎಣ್ಣೆ ಬೇಡ.

ಬೇರಿಂಗಿನಲ್ಲೂ ಎರಡು ಜಾತಿ. ಗ್ರೀಸ್ ಹಾಕುವ ನಿಪ್ಪಲ್ ಇದ್ದರೆ ಗ್ರೀಸ್ ಬೇಕು. ಎರಡೂ ಬದಿ ಮುಚ್ಚಿದ ಬೇರಿಂಗ್ ಆದರೆ, ಅದರ ನಂಬರಿನ ಕೊನೆಗೆ 'ಟೂ ಆರ್‌ಎಸ್' ಅಥವಾ 'ಝೆಡ್‌ಝೆಡ್' ಎಂದಿದ್ದರೆ, ಗ್ರೀಸ್ ಒಳಗೇ ತುಂಬಿಸಿ ಬಂದಿರುತ್ತದೆ. ಅದಕ್ಕೆ ಹೊರಗಿನಿಂದ ಹಾಕುವ ಅಗತ್ಯ ಇಲ್ಲ. ಸದ್ದು ಬಂದರೆ ಬದಲಾಯಿಸುವುದೇ ದಾರಿ.

ಯಾವ ಎಣ್ಣೆ?

ಹೆಚ್ಚಿನ ಕಡೆ ನಡೆಯುವುದು ಎರಡು ರೀತಿ. ಒಂದು, ಹೊಲಿಗೆ ಮೆಶಿನ್ ಎಣ್ಣೆ ಅಥವಾ ಗಾಡಿಯ ಗ್ರೀಸ್. ಚೌಕಟ್ಟು ಜಾರುವ ಜಾಗ ಬ್ರೆಡ್ಡಿನ ಪಕ್ಕದಲ್ಲೇ ಇದೆ. ಅಲ್ಲಿಂದ ಒಂದು ಹನಿ ಬಿದ್ದರೆ ನೇರ ಗಿರಾಕಿಯ ತಟ್ಟೆಗೆ. ಆ ಎಣ್ಣೆಗಳನ್ನು ತಿನ್ನುವ ಪದಾರ್ಥದ ಹತ್ತಿರ ಬಳಸಲಿಕ್ಕೆ ಮಾಡಿದ್ದಲ್ಲ. ತುಕ್ಕು ಬಿಡಿಸುವ ಸ್ಪ್ರೇ ಕೂಡಾ ಅಷ್ಟೇ. ಕೆಲವು ಮೆಕ್ಯಾನಿಕ್‌ಗಳು ಬಂದವರೇ ಅದನ್ನು ಹೊಡೆದು ಹೋಗುತ್ತಾರೆ. ಒಂದೆರಡು ದಿನ ಯಂತ್ರ ಹಗುರಾಗಿ ಓಡುತ್ತದೆ, ಆಮೇಲೆ ಮೊದಲಿಗಿಂತ ಬಿಗಿ.

ಇನ್ನೊಂದು, 'ತಿನ್ನುವ ಎಣ್ಣೆ ತಾನೇ, ಏನಾಗುತ್ತದೆ' ಎಂದು ತೆಂಗಿನೆಣ್ಣೆಯೋ ಸೂರ್ಯಕಾಂತಿ ಎಣ್ಣೆಯೋ ಹಾಕುವುದು. ನಮ್ಮ ಎಗ್ಸಾಸ್ಟ್ ಫ್ಯಾನಿನ ಮೇಲೆ ಹಳದಿ ಅಂಟು ಕೂರುತ್ತದಲ್ಲ, ಅದು ಅಡುಗೆ ಎಣ್ಣೆ ಗಾಳಿಗೆ ಕೆಟ್ಟು ಗಟ್ಟಿಯಾದದ್ದು. ಯಂತ್ರದ ಒಳಗೂ ಹಾಗೇ ಆಗುತ್ತದೆ. ಆ ಅಂಟಿಗೆ ಬ್ರೆಡ್ ಪುಡಿ ಹಿಡಿಯುತ್ತದೆ, ಕಮಟು ವಾಸನೆ ಬರುತ್ತದೆ. ತೆಂಗಿನೆಣ್ಣೆಯಂತೂ ಪುಣೆ, ದೆಹಲಿಯ ಚಳಿಗೆ ಹೆಪ್ಪುಗಟ್ಟುತ್ತದೆ.

ಸರಿಯಾದದ್ದು ಫುಡ್ ಗ್ರೇಡ್ ಎಣ್ಣೆ ಮತ್ತು ಗ್ರೀಸ್. ಡಬ್ಬದ ಮೇಲೆ 'ಎನ್‌ಎಸ್‌ಎಫ್ ಎಚ್1' ಎಂದು ಇದೆಯೇ ನೋಡಿ. ಅಪ್ಪಿತಪ್ಪಿ ಸ್ವಲ್ಪ ಆಹಾರಕ್ಕೆ ತಾಗಬಹುದಾದ ಜಾಗಕ್ಕೆ ಬಳಸಬಹುದು ಎಂದು ಅದರ ಅರ್ಥ. 'ಎಚ್2' ಎಂದಿದ್ದರೆ ಆಹಾರ ತಾಗುವ ಸಾಧ್ಯತೆಯೇ ಇಲ್ಲದ ಜಾಗಕ್ಕೆ ಮಾತ್ರ. ಎಚ್1 ಎಂದರೂ ಬೇಕಾದಷ್ಟು ಸುರಿಯಬಹುದು ಎಂದಲ್ಲ. ಅಮೆರಿಕದ ನಿಯಮದಲ್ಲಿ ಇಂಥ ಖನಿಜ ಎಣ್ಣೆ ಆಹಾರದಲ್ಲಿ ಹತ್ತು ಲಕ್ಷದಲ್ಲಿ 10 ಪಾಲಿಗಿಂತ ಹೆಚ್ಚು ಸೇರಬಾರದು. ಅಂದರೆ ಒಂದು ಕಿಲೋ ಬ್ರೆಡ್ಡಿಗೆ 10 ಮಿಲಿಗ್ರಾಂ, ಒಂದು ಸಣ್ಣ ಹನಿಯಷ್ಟೂ ಇಲ್ಲ.

ಬೆಲೆ ಮಾಮೂಲಿ ಗ್ರೀಸಿಗಿಂತ ಜಾಸ್ತಿ, ನಿಜ. ಆದರೆ ಒಂದು ಯಂತ್ರಕ್ಕೆ ಒಂದು ಸಣ್ಣ ಡಬ್ಬ ಬಹಳ ಕಾಲ ಬರುತ್ತದೆ. ಅಕ್ಕಪಕ್ಕದ ನಾಲ್ಕು ಹೋಟೆಲಿನವರು ಸೇರಿ ತರಿಸಿದರೆ ಇನ್ನೂ ಹಗುರ. ಹೊಸ ಗ್ರೀಸಿಗೆ ಬದಲಾಯಿಸುವಾಗ ಹಳೆಯದನ್ನು ಪೂರಾ ತೆಗೆದು ಹಾಕಿ. ಎಲ್ಲಾ ಗ್ರೀಸುಗಳೂ ಒಂದಕ್ಕೊಂದು ಹೊಂದುವುದಿಲ್ಲ. ಬೆರೆತರೆ ಕೆಲವು ನೀರಾಗಿ ಇಳಿದು ಬಿಡುತ್ತವೆ.

ಎಷ್ಟು ಹಾಕಬೇಕು?

ಹೆಚ್ಚು ಹಾಕಿದರೆ ಒಳ್ಳೆಯದು ಎಂಬ ನಂಬಿಕೆ ಬಿಡಬೇಕು. ಗ್ರೀಸ್ ಹೆಚ್ಚಾದರೆ ಬೇರಿಂಗ್ ಬಿಸಿಯಾಗುತ್ತದೆ, ಸೀಲ್ ಒಡೆದು ಹೊರಗೆ ಬರುತ್ತದೆ. ನಿಪ್ಪಲಿಗೆ ಗನ್ನಿನಲ್ಲಿ ಒಂದೆರಡು ಸಲ ಒತ್ತಿದರೆ ಸಾಕು. ಜಾರುವ ಜಾಗಕ್ಕೆ ಒಂದೆರಡು ಹನಿ ಎಣ್ಣೆ, ಹೆಚ್ಚಾದದ್ದನ್ನು ಬಟ್ಟೆಯಲ್ಲಿ ಒರೆಸಬೇಕು. ಎಷ್ಟು ದಿನಕ್ಕೊಮ್ಮೆ ಎಂದು ಯಂತ್ರದ ಜೊತೆ ಕೊಟ್ಟ ಪುಸ್ತಕದಲ್ಲಿ ಇರುತ್ತದೆ. ಪುಸ್ತಕ ಕಳೆದಿದ್ದರೆ ಮಾರಿದವರಿಂದ ಕೇಳಿ ತರಿಸಿ. ನಾವು ನಮ್ಮಲ್ಲಿ ಜಾರುವ ಜಾಗಕ್ಕೆ ವಾರಕ್ಕೊಮ್ಮೆ, ನಿಪ್ಪಲಿಗೆ ತಿಂಗಳಿಗೊಮ್ಮೆ ಎಂದು ಇಟ್ಟುಕೊಂಡಿದ್ದೇವೆ. ಎಣ್ಣೆ ಹಾಕಿದ ಮೇಲೆ ಒಂದು ಹಳೆಯ ಬ್ರೆಡ್ ಕತ್ತರಿಸಿ ಬಿಸಾಡಿ, ಆಮೇಲೆ ಕೆಲಸ ಶುರು.

ಸ್ವಚ್ಛತೆ ಮೊದಲು, ಎಣ್ಣೆ ಆಮೇಲೆ

ಒಲೆಯಿಂದ ಬಂದ ಬ್ರೆಡ್ಡಿನಲ್ಲಿ ಬೂಷ್ಟು ಇರುವುದಿಲ್ಲ, ಅಷ್ಟು ಬಿಸಿಗೆ ಅದು ಉಳಿಯುವುದಿಲ್ಲ. ಬೂಷ್ಟು ಹತ್ತುವುದು ಆಮೇಲೆ, ಆರುವಾಗ, ಕತ್ತರಿಸುವಾಗ, ಕಟ್ಟುವಾಗ. ನಿನ್ನೆಯ ಪುಡಿ ಯಂತ್ರದಲ್ಲಿ ಉಳಿದರೆ ಇವತ್ತಿನ ಬ್ರೆಡ್ಡಿನ ಪ್ರತಿ ಸ್ಲೈಸಿಗೂ ಅದು ಅಂಟುತ್ತದೆ. ಮುಂಬಯಿಯ ಮಳೆಗಾಲದಲ್ಲಿ ಬ್ರೆಡ್ ಬೇಗ ಕೆಟ್ಟರೆ ನಾವು ಬೇಕರಿಯವರನ್ನು ಬೈಯುತ್ತೇವೆ. ಬೈಯುವ ಮೊದಲು ನಮ್ಮ ಯಂತ್ರದ ಪುಡಿ ಟ್ರೇ ಎಳೆದು ನೋಡುವುದು ಒಳ್ಳೆಯದು. ಜಿರಳೆ, ಇಲಿಗೂ ಅದೇ ಊಟ.

ದಿನಾ ರಾತ್ರಿ ಟ್ರೇ ಖಾಲಿ ಮಾಡಿ, ಉದ್ದ ಹಿಡಿಯ ಒಣ ಬ್ರಶ್ಶಿನಿಂದ ಬ್ಲೇಡಿನ ಸಂದು ಗುಡಿಸಬೇಕು. ನೀರು ಹೊಡೆಯಬಾರದು, ತುಕ್ಕು ಹಿಡಿಯುತ್ತದೆ. ಗಾಳಿ ಪಂಪಿನಿಂದ ಊದಿದರೆ ಪುಡಿ ಹೋಗಿ ಬೇರಿಂಗಿನಲ್ಲಿ ಕೂರುತ್ತದೆ. ಬಿಸಿ ಬ್ರೆಡ್ ಕತ್ತರಿಸಬೇಡಿ. ಒಳಗೆ ಪೂರಾ ಆರದಿದ್ದರೆ ಅಂಟು ಬ್ಲೇಡಿಗೆ ಹಿಡಿಯುತ್ತದೆ.

ಪುಡಿ ಜಾಸ್ತಿ ಬೀಳುತ್ತಿದ್ದರೆ, ಸ್ಲೈಸ್ ಹರಿದು ಬರುತ್ತಿದ್ದರೆ ಬ್ಲೇಡು ಮೊಂಡಾಗಿದೆ. ಒಂದು ದಪ್ಪ ಒಂದು ತೆಳು ಬಂದರೆ ಬ್ಲೇಡು ಸಡಿಲ. ಹಲ್ಲಿನ ಬ್ಲೇಡನ್ನು ಸಾಣೆಯವನ ಹತ್ತಿರ ಕೊಡುವುದಕ್ಕಿಂತ ಪೂರಾ ಸೆಟ್ ಬದಲಾಯಿಸುವುದು ವಾಸಿ. ಹಳೆಯ ಬ್ಲೇಡುಗಳನ್ನು ಲೆಕ್ಕ ಮಾಡಿ, ಹಲ್ಲು ಮುರಿದಿದೆಯೇ ನೋಡಿ. ಮುರಿದಿದ್ದರೆ ಆ ಹೊತ್ತಿನ ಬ್ರೆಡ್ ಪೂರಾ ಬಿಸಾಡಬೇಕು, ನಷ್ಟ ನೋಡಬಾರದು.

ಎಲ್ಲದಕ್ಕೂ ಮೊದಲು ಪ್ಲಗ್

ಗುಡಿಸುವುದಿರಲಿ, ಎಣ್ಣೆ ಹಾಕುವುದಿರಲಿ, ಸಿಕ್ಕಿದ ಬ್ರೆಡ್ ತೆಗೆಯುವುದಿರಲಿ, ಮೊದಲು ಪ್ಲಗ್ ಕೀಳಬೇಕು. ಸ್ವಿಚ್ ಆಫ್ ಮಾಡಿದರೆ ಸಾಲದು, ಇನ್ನೊಬ್ಬ ಬಂದು ಆನ್ ಮಾಡಬಹುದು. ಕೆಲಸ ಮಾಡುವವನು ಪ್ಲಗ್ಗನ್ನು ತನ್ನ ಕಣ್ಣೆದುರು ಇಟ್ಟುಕೊಳ್ಳಲಿ. ಓಡುವ ಯಂತ್ರಕ್ಕೆ ಹೆಂಗಸರು, ಎಳೆಯರು ಎಣ್ಣೆ ಹಾಕಬಾರದು, ಒರೆಸಬಾರದು ಎಂದು 1948ರ ಫ್ಯಾಕ್ಟರಿ ಕಾಯಿದೆಯಲ್ಲೇ ಬರೆದಿದ್ದರು. ಸಣ್ಣ ಹೋಟೆಲಿಗೆ ಆ ಕಾಯಿದೆ ಲಾಗೂ ಆಗಿತ್ತೋ ಇಲ್ಲವೋ, ಬ್ಲೇಡಿಗೆ ಅದೆಲ್ಲಾ ಗೊತ್ತಿಲ್ಲ. ನಮ್ಮಲ್ಲಿ ದೊಡ್ಡವರಿಗೂ ಅದೇ ನಿಯಮ. ಬ್ರೆಡ್ ದೂಡಲು ಯಂತ್ರದ ಹಿಡಿಯೇ, ಕೈ ಅಲ್ಲ. ಮುಚ್ಚಳ ತೆಗೆದು ಓಡಿಸುವಂತಿಲ್ಲ.

ಈಗ ಅಡುಗೆಮನೆಯಲ್ಲಿ ಊರಿನ ಹುಡುಗರು ಕಡಿಮೆ. ಉತ್ತರ ಪ್ರದೇಶ, ಬಂಗಾಳ, ಒಡಿಶಾ ಕಡೆಯವರು ಹೆಚ್ಚು. ಆದ್ದರಿಂದ ಈ ನಿಯಮವನ್ನು ಹಿಂದಿಯಲ್ಲಿ ದೊಡ್ಡದಾಗಿ ಬರೆಸಿ, ಚಿತ್ರ ಹಾಕಿಸಿ ಯಂತ್ರದ ಮೇಲೆ ಹಚ್ಚಿದ್ದೇವೆ. ಓದಲು ಬಾರದವರಿಗೆ ಪ್ಲಗ್ ಕಿತ್ತು ತೋರಿಸಿಯೇ ಕಲಿಸುತ್ತೇವೆ. ಎಣ್ಣೆ ಹಾಕುವ ಜವಾಬ್ದಾರಿ ಒಬ್ಬನಿಗೇ ಕೊಟ್ಟು, ಹಾಕಿದ ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿಸುತ್ತೇವೆ. ಎಲ್ಲರ ಕೆಲಸ ಎಂದರೆ ಯಾರದ್ದೂ ಅಲ್ಲ.

ಮನೆ ಬಿಟ್ಟು ನಮ್ಮನ್ನು ನಂಬಿ ಬಂದ ಮಕ್ಕಳು ಇವರು. ಇವತ್ತು ರಾತ್ರಿ ಶಟರ್ ಎಳೆಯುವ ಮೊದಲು ಒಮ್ಮೆ ಪ್ಲಗ್ ಕಿತ್ತು, ಟಾರ್ಚ್ ಹಿಡಿದು ನಿಮ್ಮ ಯಂತ್ರದ ಒಳಗೆ ನೋಡಿ ಎಂದು ವಿನಂತಿ. ಇದಕ್ಕಿಂತ ಒಳ್ಳೆಯ ಕ್ರಮ ತಮ್ಮಲ್ಲಿ ಇದ್ದರೆ ಇದೇ ಪತ್ರಿಕೆಗೆ ಬರೆದು ತಿಳಿಸಿ, ಎಲ್ಲರಿಗೂ ಉಪಕಾರವಾಗುತ್ತದೆ.