ವತನದ ಊರಿನಿಂದ ವಿದ್ಯೆಯ ಊರಿಗೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ಜನಕ್ಕೆ ಊರು ಬಿಟ್ಟು ಹೋಗುವುದು ಹೊಸದಲ್ಲ. ರಾಯಬಾಗ, ಕುಡಚಿ, ಶೇಡಬಾಳಗಳಲ್ಲಿ ರೈಲು ಹತ್ತಿದವರು ಮಿರಜ ದಾಟಿ ಪುಣೆ, ಮುಂಬಯಿ ಸೇರಿದರು. ನಿಪ್ಪಾಣಿಯವರಿಗೆ ಊರ ಪಕ್ಕದ ಹೆದ್ದಾರಿಯೇ ದಾರಿಯಾಯಿತು. ಕೆಲವರು ವ್ಯಾಪಾರಕ್ಕೆ ಹೋದರು, ಕೆಲವರು ನೌಕರಿಗೆ ಹೋದರು, ಬರ ಬಿದ್ದ ವರ್ಷ ಹೊಟ್ಟೆಪಾಡಿಗೆ ಹೋದವರೂ ಉಂಟು. ಆದರೆ ಈ ಭಾಗದ ದಲಿತ ಕುಟುಂಬಗಳ ಪಾಲಿಗೆ ಊರು ಬಿಡುವುದು ಇಷ್ಟು ಸರಳವಾಗಿರಲಿಲ್ಲ. ಅವರು ಮೊದಲು ಊರಿನ ಹಿಡಿತದಿಂದಲೇ ಬಿಡಿಸಿಕೊಳ್ಳಬೇಕಿತ್ತು.

ನಿಪ್ಪಾಣಿ ಮೂಲದ ವರಾಳೆ ಮನೆತನದ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. ಈ ಮನೆತನದ ಬಳವಂತರಾವ್ ಹಣಮಂತರಾವ್ ವರಾಳೆ ಡಾ. ಬಿ. ಆರ್. ಅಂಬೇಡ್ಕರರ ನಿಕಟವರ್ತಿ. ಅವರ ಬದುಕು ಮೊದಲು ಧಾರವಾಡಕ್ಕೆ, ಅಲ್ಲಿಂದ ಮುಂದೆ ನಿಪ್ಪಾಣಿಯಿಂದ ಸುಮಾರು 500 ಕಿಲೋಮೀಟರ್ ದೂರದ ಔರಂಗಾಬಾದಿಗೆ ಸಾಗಿತು. ‘ಪಟ್ಟಣಕ್ಕೆ ಹೋದರೆ ಬದುಕು ಸುಧಾರಿಸುತ್ತದೆ’ ಎಂಬ ಮಾತು ಯಾವಾಗ ನಿಜವಾಗುತ್ತದೆ ಎಂಬುದನ್ನು ಈ ಪಯಣ ತೋರಿಸಿಕೊಡುತ್ತದೆ.

ಕಟ್ಟಿಹಾಕಿದ ವತನ

1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅಲ್ಲಿ ಹಳ್ಳಿಯ ಆಡಳಿತ ನಡೆಯುತ್ತಿದ್ದದ್ದು ವತನ ಪದ್ಧತಿಯ ಮೇಲೆ. ಪಾಟೀಲನಿಗೂ ಕುಲಕರ್ಣಿಗೂ ವತನವಿದ್ದಂತೆ ಊರ ಮಹಾರರಿಗೂ ವತನವಿತ್ತು. ಹೆಸರು ಒಂದೇ ಆದರೂ ಫಲ ಬೇರೆ. ಸರ್ಕಾರಿ ಟಪಾಲು ಒಯ್ಯುವುದು, ಸಾಹೇಬರು ಬಂದರೆ ದಾರಿ ತೋರಿಸುವುದು, ಊರ ಗಡಿ ಕಾಯುವುದು, ಜನರನ್ನು ಚಾವಡಿಗೆ ಕರೆತರುವುದು, ಸತ್ತ ದನ ಎಳೆಯುವುದು, ಇವೆಲ್ಲ ಅವರ ಪಾಲಿನ ಕೆಲಸ. ಇದಕ್ಕೆ ಹಗಲು ರಾತ್ರಿಯ ಭೇದವಿರಲಿಲ್ಲ. ಪ್ರತಿಫಲವೆಂದರೆ ಹಲವು ಮನೆಗಳ ನಡುವೆ ಹಂಚಿ ತುಂಡಾದ ಇನಾಮು ಭೂಮಿ, ಸುಗ್ಗಿಯಲ್ಲಿ ರೈತರು ಕೊಡುವ ಆಯದ ಕಾಳು.

ಹೊರೆ ಒಬ್ಬ ವ್ಯಕ್ತಿಯ ಮೇಲಿರದೆ ಇಡೀ ಕುಟುಂಬದ ಮೇಲಿದ್ದದ್ದು ಈ ಪದ್ಧತಿಯ ಮುಖ್ಯ ದೋಷ. ತಂದೆ ಕಾಯಿಲೆ ಬಿದ್ದರೆ ಅಥವಾ ಪರವೂರಿಗೆ ಹೋಗಿದ್ದರೆ ಮನೆಯ ಇನ್ನೊಬ್ಬರು ಆ ಕೆಲಸಕ್ಕೆ ನಿಲ್ಲಬೇಕಿತ್ತು. ಹುಡುಗ ಶಾಲೆಗೆ ಹೋಗುವ ಮಾತು ಆಮೇಲಿನದು. ಮನೆಮಂದಿಯೆಲ್ಲ ಊರು ಬಿಟ್ಟರೆ ತುಂಡು ಭೂಮಿಯೂ ಕೈತಪ್ಪುವ ಭಯ. ಅಂಬೇಡ್ಕರರು 1928ರಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ವತನ ಕಾಯ್ದೆಯ ತಿದ್ದುಪಡಿ ಮಸೂದೆ ಮಂಡಿಸಿದ್ದು ಈ ಗಂಟನ್ನು ಬಿಚ್ಚಲೆಂದೇ. ಅದು ಆಗ ಅಂಗೀಕಾರವಾಗಲಿಲ್ಲ. ಕರ್ನಾಟಕದಲ್ಲಿ ವಂಶಪಾರಂಪರ್ಯದ ಗ್ರಾಮ ಹುದ್ದೆಗಳ ರದ್ದತಿಗೆ ಕಾಯ್ದೆ ಬಂದದ್ದು 1961ರಲ್ಲಿ. ಅಷ್ಟರಲ್ಲಿ ಅಂಬೇಡ್ಕರರು ತೀರಿಕೊಂಡು ಐದು ವರ್ಷವಾಗಿತ್ತು.

ಈ ಸೀಮೆಯಲ್ಲೇ ಕಾನೂನು ಎರಡು ಬಗೆಯದಾಗಿತ್ತು ಎಂಬುದು ಗಮನಾರ್ಹ. ಚಿಕ್ಕೋಡಿ, ಅಥಣಿ ಬ್ರಿಟಿಷರ ನೇರ ಆಡಳಿತದಲ್ಲಿದ್ದರೆ ರಾಯಬಾಗ ಕೊಲ್ಹಾಪುರ ಸಂಸ್ಥಾನದ್ದು. ಅಲ್ಲಿ ಶಾಹು ಮಹಾರಾಜರು 1918ರಲ್ಲಿಯೇ ಮಹಾರ ವತನವನ್ನು ರದ್ದುಪಡಿಸಿದ್ದರು. ಅದಕ್ಕೂ ಹತ್ತು ವರ್ಷ ಮೊದಲು, 1908ರಲ್ಲಿ, ಕೊಲ್ಹಾಪುರದಲ್ಲಿ ಅಸ್ಪೃಶ್ಯ ವಿದ್ಯಾರ್ಥಿಗಳಿಗಾಗಿ ಮಿಸ್ ಕ್ಲಾರ್ಕ್ ಹೆಸರಿನ ವಸತಿಗೃಹ ಆರಂಭವಾಗಿತ್ತು.

ನಿಪ್ಪಾಣಿಯ ಸಭೆ, ಧಾರವಾಡದ ಸೂರು

ಅಂಬೇಡ್ಕರರ ಸ್ವಂತ ಬದುಕಿನಲ್ಲೂ ಇಂಥದೊಂದು ಸ್ಥಳಾಂತರವಿತ್ತು. ತಂದೆ ರಾಮಜಿ ಸಕ್ಪಾಲರು ಸಾತಾರಾ ಬಿಟ್ಟು ಮಕ್ಕಳೊಂದಿಗೆ ಮುಂಬಯಿಗೆ ಬಂದು ಪರೇಲಿನ ಚಾಳಿನಲ್ಲಿ ನೆಲೆಸಿದ್ದರಿಂದಲೇ ಹುಡುಗ ಭೀಮರಾವ್ ಎಲ್ಫಿನ್‌ಸ್ಟನ್ ಹೈಸ್ಕೂಲು ಸೇರಲು ಸಾಧ್ಯವಾಯಿತು. ತಂದೆಗೆ ಸೈನ್ಯದ ಪಿಂಚಣಿಯಾದರೂ ಇತ್ತು. ಅದೂ ಇಲ್ಲದ ಹಳ್ಳಿಯ ಕುಟುಂಬ ಏನು ಮಾಡಬೇಕು?

ವಸತಿಗೃಹ ಎಂಬುದೇ ಇದಕ್ಕೆ ಅಂಬೇಡ್ಕರರು ಕಂಡುಕೊಂಡ ಉತ್ತರ. 1924ರಲ್ಲಿ ಸ್ಥಾಪಿಸಿದ ಬಹಿಷ್ಕೃತ ಹಿತಕಾರಿಣೀ ಸಭೆಯ ಮೂಲಕ 1925ರ ಆರಂಭದಲ್ಲಿ ಸೊಲ್ಲಾಪುರದಲ್ಲಿ ಮೊದಲ ವಸತಿಗೃಹ ತೆರೆಯಿತು. ಅದೇ ವರ್ಷ ಏಪ್ರಿಲ್‌ನಲ್ಲಿ ನಿಪ್ಪಾಣಿಯಲ್ಲಿ ನಡೆದ ಮುಂಬಯಿ ಪ್ರಾಂತದ ಬಹಿಷ್ಕೃತರ ಪರಿಷತ್ತಿಗೆ ಅವರೇ ಅಧ್ಯಕ್ಷರಾಗಿ ಬಂದರು. ತಂಬಾಕಿನ ಪೇಟೆಯೆಂದೇ ಹೆಸರಾದ ಊರು ಹೀಗೆ ಈ ಚಳವಳಿಯ ನಕಾಶೆಯಲ್ಲಿ ಸ್ಥಾನ ಪಡೆಯಿತು.

1929ರಲ್ಲಿ ಧಾರವಾಡದಲ್ಲಿ ದಲಿತ ವಿದ್ಯಾರ್ಥಿಗಳ ವಸತಿಗೃಹ ಆರಂಭವಾಯಿತು. ಅದರ ಹೊಣೆ ಹೊತ್ತವರು ಬಳವಂತರಾವ್ ವರಾಳೆ. ನಿಪ್ಪಾಣಿಯಿಂದ ಧಾರವಾಡಕ್ಕೆ ಸುಮಾರು 150 ಕಿಲೋಮೀಟರ್. 1917ರಲ್ಲಿಯೇ ಕರ್ನಾಟಕ ಕಾಲೇಜು ಸ್ಥಾಪನೆಯಾಗಿದ್ದ ಊರು ಅದು. ಆದರೆ ಕಾಲೇಜು ಇದ್ದರೆ ಸಾಲದು, ದಲಿತ ಹುಡುಗನಿಗೆ ಅಲ್ಲಿ ಬಾಡಿಗೆಗೆ ಕೋಣೆ ಕೊಡುವವರು ಬೇಕು, ಊಟ ಬಡಿಸುವವರು ಬೇಕು. ವಸತಿಗೃಹ ತುಂಬಿದ್ದು ಈ ಕೊರತೆಯನ್ನು.

ಅನುದಾನ ಬರುವುದು ತಡವಾಗಿ ಮಕ್ಕಳು ಉಪವಾಸ ಬೀಳುವ ಸ್ಥಿತಿ ಬಂದಾಗ, ವರಾಳೆಯವರ ಮನೆಯಲ್ಲಿ ಉಳಿದುಕೊಂಡಿದ್ದ ರಮಾಬಾಯಿ ಅಂಬೇಡ್ಕರರು ತಮ್ಮ ಕೈಬಳೆಗಳನ್ನೇ ತೆಗೆದುಕೊಟ್ಟರೆಂಬ ಪ್ರಸಂಗ ಧಾರವಾಡದ ಕಡೆ ಇಂದಿಗೂ ಪ್ರಚಲಿತವಾಗಿದೆ. ಪಟ್ಟಣದ ಬದುಕು ಎಷ್ಟು ತೆಳುವಾದ ಆಧಾರದ ಮೇಲೆ ನಿಂತಿತ್ತು ಎಂಬುದು ಇದರಿಂದ ತಿಳಿಯುತ್ತದೆ. 1937ರ ಚುನಾವಣೆಯಲ್ಲಿ ವರಾಳೆಯವರು ಅಂಬೇಡ್ಕರರ ಸ್ವತಂತ್ರ ಕಾರ್ಮಿಕ ಪಕ್ಷದಿಂದ ಬೆಳಗಾವಿ ಜಿಲ್ಲೆಯನ್ನು ಪ್ರತಿನಿಧಿಸಿ ಮುಂಬಯಿ ಶಾಸನಸಭೆಗೆ ಆಯ್ಕೆಯಾದರು.

ಔರಂಗಾಬಾದಿನ ಕರೆ

ಎರಡನೆಯ ಪಯಣ ಇನ್ನೂ ದೂರದ್ದು. ಅಂಬೇಡ್ಕರರು 1945ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿ ಸ್ಥಾಪಿಸಿದರು. ಮುಂಬಯಿಯಲ್ಲಿ 1946ರಲ್ಲಿ ಸಿದ್ಧಾರ್ಥ ಕಾಲೇಜು ಆರಂಭವಾದ ಮೇಲೆ ಅವರ ಕಣ್ಣು ಹರಿದದ್ದು ಆಗ ಹೈದರಾಬಾದ್ ರಾಜ್ಯದಲ್ಲಿದ್ದ ಮರಾಠವಾಡದತ್ತ. ಆ ಭಾಗದವರು ಪದವಿ ಓದಬೇಕೆಂದರೆ ಹೆಚ್ಚಾಗಿ ಹೈದರಾಬಾದ್ ದಾರಿ ಹಿಡಿಯಬೇಕಿತ್ತು. 1950ರಲ್ಲಿ ಔರಂಗಾಬಾದಿನಲ್ಲಿ ಆರಂಭವಾದ ಕಾಲೇಜೇ ಮುಂದೆ ಮಿಲಿಂದ ಮಹಾವಿದ್ಯಾಲಯವೆಂದು ಹೆಸರಾಯಿತು. 1951ರ ಸೆಪ್ಟೆಂಬರ್ 1ರಂದು ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ಕಟ್ಟಡಕ್ಕೆ ಅಡಿಗಲ್ಲು ಹಾಕಿದರು. ಭಿಕ್ಷು ನಾಗಸೇನನಿಗೆ ಪ್ರಶ್ನೆ ಹಾಕಿ ಉತ್ತರ ಪಡೆದ ಗ್ರೀಕ್ ದೊರೆ ಮಿಲಿಂದನ ಹೆಸರು ಕಾಲೇಜಿಗೆ. ಆವರಣಕ್ಕೆ ನಾಗಸೇನವನವೆಂಬ ಹೆಸರು.

ಈ ಸಂಸ್ಥೆಯನ್ನು ಕಟ್ಟಲು ನಂಬಿಕೆಯ ಜನ ಬೇಕಿತ್ತು. ಅಂಬೇಡ್ಕರರ ಮಾತಿನ ಮೇರೆಗೆ ವರಾಳೆಯವರು ಔರಂಗಾಬಾದಿಗೆ ಹೊರಟರು. ಹೀಗೆ ಆ ಊರಿನಲ್ಲಿ ಬೇರೂರಿದ ಮನೆತನದ ಮುಂದಿನ ತಲೆಮಾರು ಕಾನೂನಿನತ್ತ ತಿರುಗಿತು. ಬಳವಂತರಾವ್ ಅವರ ಮಗ ನ್ಯಾಯಾಂಗ ಸೇವೆ ಸೇರಿದರು. 1962ರಲ್ಲಿ ನಿಪ್ಪಾಣಿಯಲ್ಲಿ ಜನಿಸಿದ ಮೊಮ್ಮಗ ಪ್ರಸನ್ನ ಬಿ. ವರಾಳೆಯವರು ಔರಂಗಾಬಾದಿನಲ್ಲಿಯೇ ಕಲಾ ಹಾಗೂ ಕಾನೂನು ಪದವಿ ಪಡೆದು 1985ರಲ್ಲಿ ವಕೀಲರಾದರು. 2008ರಲ್ಲಿ ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿ, 2022ರ ಅಕ್ಟೋಬರಿನಲ್ಲಿ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ, 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು. ಮುಂಬಯಿಯಿಂದ ಬೀಳ್ಕೊಳ್ಳುವಾಗ ಅವರು ಅಜ್ಜನ ಈ ಸ್ಥಳಾಂತರವನ್ನು ನೆನೆದರು. ಸಣ್ಣ ಊರು ಬಿಟ್ಟು ವಿದ್ಯೆಯ ಊರಿಗೆ ಹೋಗುವಂತೆ ಬಾಬಾಸಾಹೇಬರು ಹೇಳದಿದ್ದರೆ ತಾವು ಈ ಸ್ಥಾನದಲ್ಲಿ ಇರುತ್ತಿರಲಿಲ್ಲ ಎಂಬುದು ಅವರ ಮಾತಿನ ತಾತ್ಪರ್ಯ.

ಹೋದವರು, ಉಳಿದವರು

ಒಂದು ಮನೆತನದ ಏಳಿಗೆಯನ್ನು ಇಡೀ ಸಮುದಾಯದ ಏಳಿಗೆ ಎಂದು ಭಾವಿಸುವುದು ತಪ್ಪಾದೀತು. ವಸತಿಗೃಹಗಳಲ್ಲಿ ಇದ್ದ ಸ್ಥಳ ಸ್ವಲ್ಪ, ಹಳ್ಳಿಗಳಲ್ಲಿ ಉಳಿದವರು ಬಹಳ. ಆದರೆ ಹೊರಗೆ ಕಲಿತ ವಿಚಾರ ಊರಿಗೆ ಮರಳದೇ ಇರಲಿಲ್ಲ. 1957ರ ಲೋಕಸಭಾ ಚುನಾವಣೆಯಲ್ಲಿ ಚಿಕ್ಕೋಡಿ ಕ್ಷೇತ್ರದಿಂದ ಅಂಬೇಡ್ಕರರ ಪರಿಶಿಷ್ಟ ಜಾತಿಗಳ ಒಕ್ಕೂಟದ ಡಿ. ಎ. ಕಟ್ಟಿ ಗೆದ್ದದ್ದು ಇದಕ್ಕೆ ಸಾಕ್ಷಿ.

ದೂರ ಹೋಗುವುದಕ್ಕೆ ಬೆಲೆಯೂ ಇತ್ತು. ನಿಪ್ಪಾಣಿ ಕಡೆಯ ಮನೆಗಳಲ್ಲಿ ಕನ್ನಡ, ಮರಾಠಿ ಎರಡೂ ಸಲೀಸು. ಮಕ್ಕಳ ಶಾಲೆಯ ಭಾಷೆ ಯಾವುದು ಎಂಬುದನ್ನು ಮಾತ್ರ ಸೇರಿದ ಊರು ನಿರ್ಧರಿಸುತ್ತಿತ್ತು. 1956ರ ನಂತರ ನಡುವೆ ರಾಜ್ಯದ ಗಡಿಯೂ ಬಂತು.

ಆ ಗಡಿ ಇಂದಿಗೂ ಜೀವಂತವಾಗಿದೆ. ಸಂವಿಧಾನದ 341ನೇ ವಿಧಿಯಂತೆ ಪರಿಶಿಷ್ಟ ಜಾತಿಯ ಸ್ಥಾನಮಾನ ಆಯಾ ರಾಜ್ಯಕ್ಕೆ ಸಂಬಂಧಿಸಿದ್ದು. ಬೇರೆ ರಾಜ್ಯಕ್ಕೆ ವಲಸೆ ಹೋದವರು ಅಲ್ಲಿನ ಮೀಸಲಾತಿ ಕೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1990ರಲ್ಲಿ ತೀರ್ಪು ನೀಡಿತು. ನಿಪ್ಪಾಣಿಯಿಂದ ಕೊಲ್ಹಾಪುರ ಸುಮಾರು 40 ಕಿಲೋಮೀಟರ್, ಬೆಂಗಳೂರು ಅದರ ಹದಿನಾಲ್ಕು ಪಟ್ಟು ದೂರ. ಆದರೂ ಇಲ್ಲಿಂದ ಹೋಗಿ ನೆಲೆಸುವ ದಲಿತ ಕುಟುಂಬಕ್ಕೆ ರಾಜ್ಯ ಸರ್ಕಾರದ ಮೀಸಲಾತಿ ದೊರೆಯುವುದು ದೂರದ ಬೆಂಗಳೂರಿನಲ್ಲಿ, ಹತ್ತಿರದ ಕೊಲ್ಹಾಪುರದಲ್ಲಿ ಅಲ್ಲ.

ಈಗ ವತನವಿಲ್ಲ, ಊರು ಬಿಡಲು ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಎಳೆಯ ಮಕ್ಕಳನ್ನು ಕಟ್ಟಿಕೊಂಡು ಪುಣೆಗೋ ಬೆಂಗಳೂರಿಗೋ ಹೊರಡುವ ತಂದೆತಾಯಿ ಕೇಳಬೇಕಾದ ಪ್ರಶ್ನೆ 1929ರದ್ದೇ. ಅಲ್ಲಿ ಕೂಲಿ ಎಷ್ಟು ಸಿಗುತ್ತದೆ ಎಂಬುದರ ಜೊತೆಗೆ ಮಗುವಿಗೆ ಶಾಲೆ ಎಲ್ಲಿ, ಬಾಡಿಗೆ ಮನೆ ಕೊಡುವವರು ಯಾರು, ಕೈಯಲ್ಲಿರುವ ಪ್ರಮಾಣಪತ್ರ ಅಲ್ಲಿ ನಡೆಯುತ್ತದೆಯೇ ಎಂಬುದನ್ನೂ ವಿಚಾರಿಸಬೇಕು. ವರಾಳೆ ಮನೆತನಕ್ಕೆ ಫಲ ಕೊಟ್ಟದ್ದು ಊರಿನ ದೊಡ್ಡತನವಲ್ಲ, ಆ ಊರಿನಲ್ಲಿ ತೆರೆದಿದ್ದ ವಸತಿಗೃಹ ಮತ್ತು ಕಾಲೇಜು.